ಬಿಸಿಲಿಗಿಟ್ಟ ಪೆಟ್ಟಿಗೆಗಳು

ಹೋದ ವಾರ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಮೊದಲು ತಲೆಗೆ ಬಣ್ಣ ಹಾಕಿಸಿಕೊಳ್ಳೋಣವೆಂದು ದಾಸರಹಳ್ಳಿಯ ಒಂದು ಪಾರ್ಲರಿಗೆ ಹೋಗಿದ್ದೆ. ಹುಡುಗಿ ಬಿಳಿ ಡಬ್ಬಿಯಿಂದ ಕ್ರೀಮನ್ನು ಬಟ್ಟಲಿಗೆ ಹಿಂಡಿ ಕಲಸತೊಡಗಿದಳು. ಮೂಗಿನೊಳಗೆ ಚುರ್ರೆನ್ನುವ ಆ ವಾಸನೆ ಬಂದದ್ದೇ ತಡ, ನನ್ನ ಕಣ್ಣು ತುಂಬಿಬಿಟ್ಟಿತು.

“ಏನಾಯ್ತು ಮೇಡಂ, ಉರೀತಿದ್ಯಾ?” ಎಂದಳು ಅವಳು ಗಾಬರಿಯಿಂದ. ಇನ್ನೂ ಹಚ್ಚಿಯೇ ಇರಲಿಲ್ಲ.

“ಏನಿಲ್ಲಮ್ಮ, ನೀನು ಹಚ್ಚು” ಎಂದೆ. ನಿಜವಾದ ಕಾರಣ ಹೇಳಬೇಕೆಂದರೆ ಪೀಣ್ಯದ ಒಂದು ತಾರಸಿಯಿಂದ ಶುರು ಮಾಡಬೇಕಾಗಿತ್ತು. ಅವಳಿಗೆ ಅಷ್ಟು ಪುರುಸೊತ್ತಿರಲಿಲ್ಲ.

ನನ್ನದು ಹಳೆಯ ಕಂಪ್ಯೂಟರುಗಳನ್ನು ಮಾರುವ ಆನ್‌ಲೈನ್ ಅಂಗಡಿ. ಮೂವತ್ತು ವರ್ಷ ಹಿಂದಿನ ಪೆಟ್ಟಿಗೆಗಳು, ಟಕಟಕ ಸದ್ದಿನ ಕೀಬೋರ್ಡುಗಳು, ಬೆನ್ನು ಉಬ್ಬಿದ ಮಾನಿಟರುಗಳು, ಫ್ಲಾಪಿಗಳು. ಮದುವೆ ಮನೆಗಳಲ್ಲಿ ಏನು ಕೆಲಸವೆಂದು ಕೇಳಿದವರಿಗೆ ‘ಕಂಪ್ಯೂಟರ್ ಫೀಲ್ಡು’ ಎಂದು ಹೇಳಿ ಊಟದ ಪಂಕ್ತಿಗೆ ನಡೆದುಬಿಡುತ್ತೇನೆ. ಪೂರ್ತಿ ಹೇಳಿದರೆ ಮುಂದಿನ ಪ್ರಶ್ನೆ ಗೊತ್ತೇ ಇದೆ: ‘ಅಯ್ಯೋ, ಅದನ್ನ ಯಾರು ತಗೋತಾರೆ?’

ತೆಗೆದುಕೊಳ್ಳುವವರಿದ್ದಾರೆ. ಪೀಣ್ಯದ ವರ್ಕ್‌ಶಾಪಿನವರು ಬರುತ್ತಾರೆ. ಅವರ ಹಳೆಯ ಮೆಷಿನ್ನುಗಳಿಗೆ ಏನು ಮಾಡಬೇಕೆಂದು ಇವತ್ತಿಗೂ ಫ್ಲಾಪಿಯಲ್ಲೇ ಹೇಳಬೇಕು, ಇಲ್ಲದಿದ್ದರೆ ಅವು ಕೆಲಸ ಮಾಡುವುದಿಲ್ಲ. ಉಳಿದವರೆಲ್ಲ ಹುಚ್ಚರು, ನನ್ನ ಹಾಗೆ. ಬೆಳ್ಳಂದೂರಿನ ಗಾಜಿನ ಕಟ್ಟಡಗಳಲ್ಲಿ ದಿನವಿಡೀ ಹೊಸ ಕಂಪ್ಯೂಟರಿನ ಮುಂದೆ ಕೂತು ಸುಸ್ತಾದವರು. ಚಿಕ್ಕವರಿದ್ದಾಗ ಚಿಕ್ಕಪ್ಪನ ಆಫೀಸಿನಲ್ಲಿ ‘ಮುಟ್ಬೇಡ’ ಅನ್ನಿಸಿಕೊಂಡಿದ್ದನ್ನು ಈಗ ಮನಸಾರೆ ಮುಟ್ಟಬೇಕು ಅನ್ನುವವರು. ಅಂಥ ಒಬ್ಬ ಫೋನಿನಲ್ಲಿ ಹೇಳಿದ್ದ: “ಮೇಡಂ, ಹಳೇದೇ ಬೇಕು. ಆದ್ರೆ ಹೊಸದರ ಥರ ಇರ್ಬೇಕು.”

ಆಗ ನಕ್ಕಿದ್ದೆ. ಆದರೆ ನನ್ನ ವ್ಯಾಪಾರ ಶುರುವಿನಲ್ಲಿ ನಿಂತಿದ್ದೇ ಆ ಆಸೆಯ ಮೇಲೆ. ಹಳೆಯ ಕಂಪ್ಯೂಟರುಗಳ ಪ್ಲಾಸ್ಟಿಕ್ ಕವಚ ಬೆಳಕು ಬಿದ್ದು ಬಿದ್ದು ಹಳದಿಯಾಗುತ್ತದೆ. ಅದನ್ನು ಬಿಳಿ ಮಾಡಲು ಒಂದು ಉಪಾಯವಿದೆ. ಕೂದಲಿಗೆ ಬಣ್ಣ ಹಾಕುವವರು ಬಳಸುತ್ತಾರಲ್ಲ, ಅದೇ ಬಿಳಿ ಕ್ರೀಮನ್ನು ಬ್ರಷ್ಷಿನಿಂದ ಕವಚಕ್ಕೆ ಬಳಿಯಬೇಕು. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಸುಡು ಬಿಸಿಲಿಗೆ ಇಡಬೇಕು. ಗಂಟೆಗೊಮ್ಮೆ ತಿರುವಬೇಕು. ಸಂಜೆ ತೊಳೆದರೆ ಮೂವತ್ತು ವರ್ಷ ಹೋಗಿ, ಪೆಟ್ಟಿಗೆ ಕಾರ್ಖಾನೆಯಿಂದ ಈಗ ಬಂದಂತೆ ನಿಲ್ಲುತ್ತದೆ. ಈ ಕೆಲಸಕ್ಕೆ ಬೇಸಿಗೆಯೇ ಆಗಬೇಕು. ಶಿವರಾತ್ರಿ ಕಳೆದ ಮೇಲೆ ಶುರುವಾದರೆ ಮೊದಲ ದೊಡ್ಡ ಮಳೆಯವರೆಗೆ ಈ ಕೆಲಸದವರ ಸುಗ್ಗಿ.

ನಾನು ನೆನೆಯುತ್ತಿರುವುದು ನಾಲ್ಕು ವರ್ಷದ ಹಿಂದಿನ ಅಂಥ ಒಂದು ಬೇಸಿಗೆಯನ್ನು. ಅಂಗಡಿ ಕಣ್ಣು ಬಿಟ್ಟಿದ್ದು ಆ ಬೇಸಿಗೆಯಲ್ಲಿ. ಮೂರ್ತಿ ಸಾರ್ ನನ್ನ ಪಾಲಿಗೆ ಸಿಕ್ಕಿದ್ದೂ ಆಗಲೇ, ಅವರನ್ನು ಕಳೆದುಕೊಂಡಿದ್ದೂ ಆಗಲೇ. ಕಳೆದುಕೊಂಡಿದ್ದು ಪೂರಾ ನನ್ನ ಕೈಯಾರೆ.

ಪೀಣ್ಯ ಎರಡನೇ ಹಂತದಲ್ಲಿ ಶಿವಣ್ಣನವರ ಮೆಷಿನ್ ಶಾಪಿನ ಮೇಲಿನ ಕೋಣೆ ನಮ್ಮದು. ಕೆಳಗೆ ತಗಡು ಒತ್ತುವ ಪ್ರೆಸ್ ಹೊಡೆದಾಗಲೆಲ್ಲ ಮೇಲೆ ನಮ್ಮ ಟೀ ಲೋಟ ಅಲುಗುತ್ತಿತ್ತು. ಶಿವಣ್ಣ ಅದೇ ಊರಿನ ಹಳೆಯ ಮನೆತನದವರು. ರಾಗಿ ಬೆಳೆದ ಹೊಲದ ಮೇಲೆ ಈಗ ಅವರ ಶೆಡ್ಡುಗಳು. ಅವರ ತಾಯಿ ಗಂಗಮ್ಮನವರು ಮಾತ್ರ ತಾರಸಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಬೇಸಿಗೆ ಬಂತೆಂದರೆ ಅಲ್ಲಿ ಅವರ ಅಕ್ಕಿ ಸಂಡಿಗೆ, ಬಾಳಕದ ಮೆಣಸಿನಕಾಯಿ. ನನಗೂ ಅದೇ ಬಿಸಿಲು ಬೇಕು. ಮೊದಲ ದಿನ ನಾನು ಕ್ರೀಮು ಬಳಿದ ಕವಚಗಳನ್ನು ಸಾಲಾಗಿ ಇಟ್ಟಾಗ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನವ್ವಾ ಇದು? ಡಬ್ಬಾನ ಬಿಸ್ಲಲ್ಲಿ ಒಣಗಾಕಿದೀಯಲ್ಲ. ಉಪ್ಪು ಕಾರ ಆಕಿದೀಯೋ ಇಲ್ವೋ?”

“ಹಾಕಿಲ್ಲ ಅಜ್ಜಿ. ಇದು ಬೆಳ್ಳಗಾಗೋಕೆ.”

“ಅಂಗಾದ್ರೆ ನನ್ ಮಕಕ್ಕೂ ಒಸಿ ಬಳಿಯವ್ವ” ಎಂದು ಬೊಚ್ಚು ಬಾಯಿ ತೆರೆದು ನಕ್ಕರು. ಅವತ್ತಿನಿಂದ ತಾರಸಿಯ ಮೂಡಣ ಅರ್ಧ ಸಂಡಿಗೆಗೆ, ಪಡುವಣ ಅರ್ಧ ಕಂಪ್ಯೂಟರಿಗೆ ಎಂದು ತೀರ್ಮಾನವಾಯಿತು. ಕಾಗೆ ಓಡಿಸುವ ಕೆಲಸ ನನ್ನದು, ನಾನು ಕೆಳಗಿಳಿದಾಗ ಕವಚ ತಿರುವಿಡುವ ಕೆಲಸ ಅವರದು. ರೊಟ್ಟಿ ಮಗುಚುವಷ್ಟು ನಾಜೂಕಾಗಿ ಮಗುಚುತ್ತಿದ್ದರು.

ಮೂರ್ತಿ ಸಾರನ್ನು ಕರೆತಂದವರು ಶಿವಣ್ಣನೇ. ಅಳತೆಯ ಉಪಕರಣಗಳನ್ನು ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಟೆಸ್ಟಿಂಗ್ ಸೆಕ್ಷನ್ನಿನಲ್ಲಿದ್ದವರು. ಕಾರ್ಖಾನೆ ಮುಚ್ಚಿದ ಮೇಲೆ ತಮ್ಮನ ಮನೆಯಲ್ಲಿದ್ದರು. ಮದುವೆಯಾಗಿರಲಿಲ್ಲ. ಇಸ್ತ್ರಿ ಮಾಡಿದ ಅರೆತೋಳಿನ ಅಂಗಿ, ಜೇಬಿನಲ್ಲಿ ಒಂದು ಟೆಸ್ಟರು, ಕಾಡಿಗೆಯಂತೆ ಕಪ್ಪಾದ ಮೀಸೆ. ಬಂದವರು ಬಾಗಿಲಲ್ಲೇ ನಿಂತು ನಾನು ಬೆಸುಗೆ ಹಾಕುವುದನ್ನು ಎರಡು ನಿಮಿಷ ನೋಡಿದರು.

“ಅದೇನ್ರೀ ಮೇಡಂ, ಊದುಬತ್ತಿ ಹಿಡ್ಕೊಂಡ ಹಾಗೆ ಹಿಡ್ಕೊಂಡಿದೀರ? ಪೂಜೆ ಮಾಡ್ತಿದೀರೋ ರಿಪೇರಿ ಮಾಡ್ತಿದೀರೋ?”

ನನಗೆ ಸಿಟ್ಟು ಬಂತು. ಬೆಸುಗೆ ಕಡ್ಡಿಯನ್ನು ಅವರ ಕೈಗೇ ಕೊಟ್ಟುಬಿಟ್ಟೆ. ಕಂಪ್ಯೂಟರಿನೊಳಗಿನ ಆ ಬೋರ್ಡಿನ ಜೊತೆ ನಾನು ಹನ್ನೊಂದು ದಿನದಿಂದ ಗುದ್ದಾಡುತ್ತಿದ್ದೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು, ಮೂಲೆಯಲ್ಲಿ ಉಬ್ಬಿದ್ದ ಒಂದು ಚಿಕ್ಕ ಭಾಗವನ್ನು ತೆಗೆದು ಬೇರೆಯದು ಕೂರಿಸಿದರು. ಸ್ವಿಚ್ ಹಾಕಿದಾಗ ಮಾನಿಟರಿನಲ್ಲಿ ಹಸಿರು ಅಕ್ಷರ ಬಂತು. ನಾನು ಚಪ್ಪಾಳೆ ಹೊಡೆದೆ. ಮರುದಿನದಿಂದ ಅವರು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬರತೊಡಗಿದರು, ಕಾರ್ಖಾನೆಯ ಸೈರನ್ ಇನ್ನೂ ಕೂಗುತ್ತಿದೆಯೇನೋ ಅನ್ನುವ ಹಾಗೆ.

ವಾರದೊಳಗೆ ‘ಮೇಡಂ’ ಹೋಗಿ ‘ಗೀತಮ್ಮ’ ಆಯಿತು, ಅದೂ ಹೋಗಿ ‘ನೀನು’ ಆಯಿತು. ಎಷ್ಟು ಕಲಿತೆನೋ ಆ ಮೂರು ತಿಂಗಳಲ್ಲಿ. ಗುಜರಿಯವನ ಗುಡ್ಡೆಯಲ್ಲಿ ಯಾವುದನ್ನು ಎತ್ತಬೇಕು, ಯಾವುದನ್ನು ಅವನು ಪುಕ್ಕಟೆ ಕೊಟ್ಟರೂ ಬಿಡಬೇಕು. ಹಲ್ಲುಜ್ಜುವ ಬ್ರಷ್ಷಿನಿಂದ ಬೋರ್ಡು ತೊಳೆಯುವುದು ಹೇಗೆ. ಅಲುಗದಂತೆ ಪ್ಯಾಕ್ ಮಾಡುವುದು ಹೇಗೆ. ಕೊರಿಯರಿನವರು ಎಸೆಯುತ್ತಾರೆಂದು ನಾನು ಗೊಣಗಿದರೆ, “ಎಸೀತಾರೆ ಅಂದ್ಕೊಂಡೇ ಕಟ್ಬೇಕಮ್ಮ. ಕಾರ್ಖಾನೇಲಿ ನಾವೇ ಬೀಳಿಸಿ ನೋಡಿ ಕಳಿಸ್ತಿದ್ವಿ” ಅನ್ನುತ್ತಿದ್ದರು.

ಬಿಳಿ ಮಾಡುವ ಕೆಲಸ ಮಾತ್ರ ಅವರಿಗೆ ಅಷ್ಟಕ್ಕಷ್ಟೆ. “ವಯಸ್ಸಾಗಿದೆ ಅಂತ ಗೊತ್ತಾದ್ರೆ ಏನಾಗತ್ತೆ? ಅದನ್ನ ಮುಚ್ಚಿಡೋದ್ಯಾಕೆ?”

“ಹಾಗಾದ್ರೆ ನಿಮ್ಮ ಮೀಸೆಗೆ ಡೈ ಯಾಕೆ ಸಾರ್?”

ಅವರು ಮೀಸೆ ಮುಟ್ಟಿಕೊಂಡು, “ಅದು ಬೇರೆ ಡಿಪಾರ್ಟ್‌ಮೆಂಟು” ಎಂದು ತಿರುಗಿ ಕೂತರು. ಗಂಗಮ್ಮಜ್ಜಿ ಅವತ್ತು ನಕ್ಕಿದ್ದು ಕೆಳಗಿನ ಪ್ರೆಸ್ಸಿನವರಿಗೂ ಕೇಳಿಸಿತಂತೆ. ಆ ನಗು, ಆ ಹನ್ನೊಂದು ಗಂಟೆಯ ಟೀ, ಕಾದ ಸಿಮೆಂಟಿನ ಮೇಲೆ ಕ್ರೀಮಿನ ಚುರುಕು ವಾಸನೆ, ಪಕ್ಕದಲ್ಲಿ ಒಣಗುವ ಮೆಣಸಿನಕಾಯಿಯ ಘಾಟು. ಈಗ ನನಗೆ ದೊಡ್ಡ ಗೋಡೌನಿದೆ, ಪ್ಯಾಕಿಂಗಿಗೆ ಜನ ಇದ್ದಾರೆ. ಆದರೂ ಆ ತಾರಸಿಯ ಒಂದು ಬೆಳಿಗ್ಗೆಯಂಥದ್ದು ಆಮೇಲೆ ಸಿಗಲಿಲ್ಲ. ಸಿಕ್ಕರೆ ಏನು ಬೇಕಾದರೂ ಕೊಟ್ಟೇನು.

ನನಗೊಂದು ಚಟವಿತ್ತು. ಪ್ರತಿ ಪೆಟ್ಟಿಗೆಗೂ ಬಿಳಿ ಮಾಡುವ ಮೊದಲು ಒಂದು ಫೋಟೊ, ಆಮೇಲೆ ಒಂದು ಫೋಟೊ. ಎರಡನ್ನೂ ಅಕ್ಕಪಕ್ಕ ಜೋಡಿಸಿ ಅಂಗಡಿಯ ಪುಟದಲ್ಲಿ ಹಾಕುತ್ತಿದ್ದೆ. ಜನ ವಾಹ್ ಎನ್ನುತ್ತಿದ್ದರು, ನಾನು ಉಬ್ಬುತ್ತಿದ್ದೆ. ಹಳದಿ ಕಂಡರೆ ಕೈ ತುರಿಸುವಷ್ಟು ಆಗಿತ್ತು.

ಮೇ ತಿಂಗಳ ಮೊದಲಲ್ಲಿ ಮೂರ್ತಿ ಸಾರ್ ಆಟೋದಲ್ಲಿ ಒಂದು ಕಂಪ್ಯೂಟರ್ ತಂದರು. ತಮ್ಮನ ಮನೆಗೆ ಸುಣ್ಣ ಬಣ್ಣ ನಡೆಯುತ್ತಿತ್ತು. ಮುಗಿಯುವವರೆಗೆ ಇಲ್ಲಿರಲಿ ಎಂದರು. ಅವರ ಸೆಕ್ಷನ್ನಿನದೇ ಪೆಟ್ಟಿಗೆಯಂತೆ. ಕಾರ್ಖಾನೆ ಮುಚ್ಚಿದಾಗ ಗುಜರಿ ಹರಾಜಿನಲ್ಲಿ ಇವರೇ ಕೊಂಡಿದ್ದರು. ಅಷ್ಟು ಹಳದಿಯಾದ ಪೆಟ್ಟಿಗೆಯನ್ನು ನಾನು ಕಂಡಿರಲಿಲ್ಲ. ಹಣೆಯ ಭಾಗದಲ್ಲಿ, ಫ್ಲಾಪಿ ತೂರಿಸುವ ಬಾಯಿಯ ಮೇಲ್ಗಡೆ, ಬೆರಳಗಲದ ಮೂರು ಮಾಸಲು ಬಿಳಿ ಗೆರೆಗಳಿದ್ದವು.

“ಇದೇನು ಸಾರ್ ಕಲೆ?”

“ಆಯುಧಪೂಜೇಲಿ ವಿಭೂತಿ ಹಚ್ತಿದ್ವಲ್ಲ, ಅದು.”

“ಒಂದೇ ಬಿಸಿಲಿಗೆ ಸರಿ ಮಾಡ್ಬಿಡ್ತೀನಿ ನೋಡಿ.”

“ಬೇಡಮ್ಮ, ಸುಮ್ನೆ ಇರ್ಲಿ ಬಿಡು” ಎಂದು ಅವರು ಅದರ ಮೇಲೆ ಪಂಚೆ ಹೊದಿಸಿದರು.

ಅವರು ಬೇಡ ಎಂದಿದ್ದರು, ನಾನು ಕೇಳಿಸಿಕೊಂಡಿದ್ದೆ. ಆದರೆ ನಮ್ಮ ಕಡೆ ಊಟಕ್ಕೆ ಕೂತವರು ಬೇಡ ಎಂದರೆ ಇನ್ನೊಂದು ಸೌಟು ಬಡಿಸುವುದೇ ಪ್ರೀತಿ. ನಾನು ಹುಟ್ಟಿ ಬೆಳೆದದ್ದೇ ಹಾಗೆ. ದಿನಕ್ಕೆ ಹತ್ತು ಪೆಟ್ಟಿಗೆ ಬಿಳಿ ಮಾಡುವವಳ ಹತ್ತಿರ ತಮ್ಮದನ್ನು ಮಾಡಿಸಿಕೊಳ್ಳಲು ಅವರಿಗೆ ಸಂಕೋಚ ಎಂದುಕೊಂಡೆ. ಭಾನುವಾರ ಅವರು ಬರುವುದಿಲ್ಲ. ಸೋಮವಾರ ಬಂದು ಪಂಚೆ ಸರಿಸಿದಾಗ ಅವರ ಮುಖ ಹೇಗಾಗಬಹುದು ಎಂದು ನೆನೆಸಿಕೊಂಡೇ ನನಗೆ ಖುಷಿ.

ಆ ಭಾನುವಾರದಂಥ ಬಿಸಿಲು ಮತ್ತೆ ಬರಲಿಲ್ಲ. ಕವಚ ಬಿಚ್ಚಿ, ಫೋಟೊ ತೆಗೆದು, ಕ್ರೀಮು ಬಳಿದೆ. ಗೆರೆಗಳ ಸುತ್ತ ಒಂದು ಕೈ ಹೆಚ್ಚಾಗಿಯೇ ಬಳಿದೆ, ಬಣ್ಣ ಎಲ್ಲ ಕಡೆ ಒಂದೇ ಸಮ ಬರಲಿ ಎಂದು. ಅಜ್ಜಿ ನಾಲ್ಕು ಸಲ ಮಗುಚಿದರು. ಸಂಜೆ ತೊಳೆದು ನೋಡಿದರೆ ಹಾಲಿನ ಕೆನೆಯಂಥ ಬಿಳಿ. ಗೆರೆ ಎಲ್ಲಿತ್ತೆಂದು ನನಗೇ ಗೊತ್ತಾಗಲಿಲ್ಲ. ನನ್ನ ಕೈಯಲ್ಲಿ ಅದಕ್ಕಿಂತ ಚೆನ್ನಾದ ಕೆಲಸ ಯಾವತ್ತೂ ಆಗಿರಲಿಲ್ಲ.

ಸೋಮವಾರ ಹತ್ತಕ್ಕೆ ಸಾರ್ ಬಂದರು. ನಾನೇ ಪಂಚೆ ಎಳೆದೆ. ಅವರು ಹತ್ತಿರ ಹೋಗಿ ಪೆಟ್ಟಿಗೆಯ ಹಣೆಯ ಮೇಲೆ ಬೆರಳಾಡಿಸಿದರು, ಕಣ್ಣು ಕಾಣದವರು ಹುಡುಕುವ ಹಾಗೆ.

“ಗೆರೆ?” ಎಂದರು.

“ಪೂರ್ತಿ ಹೋಯ್ತು ಸಾರ್! ಒಂದು ಚೂರೂ ಉಳಿದಿಲ್ಲ, ನೋಡಿ” ಎಂದೆ. ಹೆಮ್ಮೆಯಿಂದ ಹೇಳಿದೆ. ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ, ನೆನೆದಾಗಲೆಲ್ಲ ಮೈ ಹಿಡಿಯಾಗುತ್ತದೆ.

ಅವರು ಸ್ಟೂಲಿನ ಮೇಲೆ ಕೂತರು. ಕೆಳಗೆ ಪ್ರೆಸ್ ಹೊಡೆಯುತ್ತಿತ್ತು. ಪೆಟ್ಟಿಗೆಯನ್ನೇ ನೋಡುತ್ತ ಮಾತಾಡಿದರು.

“ವಿಕ್ಟೋರಿಯಾ ಅಂತ ಇದ್ರು ನಮ್ಮ ಸೆಕ್ಷನ್ನಲ್ಲಿ. ವೈರಿಂಗ್ ಇನ್‌ಸ್ಪೆಕ್ಷನ್ನು. ಅವರಷ್ಟು ನೇರವಾದ ಕೈ ಇಡೀ ಕಾರ್ಖಾನೇಲಿ ಯಾರಿಗೂ ಇರ್ಲಿಲ್ಲ. ಅದಕ್ಕೇ ಆಯುಧಪೂಜೆ ದಿನ ಎಲ್ಲಾ ಮೆಷಿನ್ನಿಗೂ ಅವರೇ ವಿಭೂತಿ ಎಳೀಬೇಕು ಅಂತ ಎಲ್ಲರೂ ಪಟ್ಟು ಹಿಡ್ಕೊಂಡ್ಬಿಡೋರು. ಕೊರಳಲ್ಲಿ ಶಿಲುಬೆ, ಕೈಲಿ ವಿಭೂತಿ ಬಟ್ಲು. ಗಂಧದಲ್ಲಿ ಕಲಸಿ ಗಟ್ಟಿಯಾಗಿ ಎಳೆಯೋರು. ಮುಂದಿನ ಪೂಜೆ ತನಕ ಯಾರೂ ಒರೆಸೋ ಹಾಗಿರ್ಲಿಲ್ಲ. ಹದಿನೆಂಟು ವರ್ಷ, ಅದೇ ಜಾಗ, ಅದೇ ಮೂರು ಬೆರಳು. ಸುತ್ತ ಎಲ್ಲ ಹಳದಿ ಆಯ್ತು. ಅವರ ಬೆರಳು ಆಡಿದ ಜಾಗ ಮಾತ್ರ ಬೆಳಕು ತಾಗದೆ ಹಾಗೇ ಉಳ್ಕೊಳ್ತು.”

ನಾನು ಗೋಡೆಗೆ ಒರಗಿ ನಿಂತೆ.

“ಅವರಿಗೆ ಒಂದು ಮಾತು ಹೇಳೋದಿತ್ತು. ಈ ವರ್ಷ ಹೇಳೋಣ, ಬರೋ ವರ್ಷ ಹೇಳೋಣ ಅಂತ ಕಾರ್ಖಾನೇನೇ ಮುಚ್ಚಿಹೋಯ್ತು. ಕೆ.ಜಿ.ಎಫ್‌ಗೆ ತಂಗಿ ಮನೆಗೆ ಹೋದ್ರು. ಅಲ್ಲೇ ತೀರ್ಕೊಂಡ್ರು ಅಂತ ಆಮೇಲೆ ಯಾರೋ ಹೇಳಿದ್ರು. ಒಂದು ಫೋಟೊ ಇಲ್ಲ, ಕಾಗದ ಇಲ್ಲ. ಅವರದ್ದು ಅಂತ ನನ್ನ ಹತ್ರ ಇದ್ದಿದ್ದು ಅದೊಂದೇ.”

ಕಾಲಿಗೆ ಬೀಳಲೇ ಎನ್ನಿಸಿತು. “ಸಾರ್, ತಪ್ಪಾಯ್ತು. ಫೋಟೊ ತೆಗೆದಿದೀನಿ, ದೊಡ್ಡದು ಮಾಡಿಸಿ ಕೊಡ್ತೀನಿ” ಎಂದು ಏನೇನೋ ಬಡಬಡಿಸಿದೆ.

“ಬೇಡಿ ಮೇಡಂ” ಎಂದರು. ಮತ್ತೆ ಮೇಡಂ ಆಗಿದ್ದೆ. “ಬಿಳಿ ನಿಲ್ಲಲ್ಲ. ನಾಲ್ಕೈದು ವರ್ಷಕ್ಕೆ ಮತ್ತೆ ಹಳದಿ ಆಗತ್ತೆ. ಗೆರೆ ಬರಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡುವ ಮನುಷ್ಯರಲ್ಲ. ಬಾಕಿಯಿದ್ದ ಆರು ಬೋರ್ಡುಗಳನ್ನು ಎಂಟು ದಿನದಲ್ಲಿ ಮುಗಿಸಿದರು. ಹತ್ತಕ್ಕೆ ಬರುತ್ತಿದ್ದರು, ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು, ಟೀ ಬಂದರೆ ಕುಡಿಯುತ್ತಿದ್ದರು. ಅಜ್ಜಿ “ಯಾಕ್ ಮಗಾ ಇಂಗೆ ಸಪ್ಪಗಿದೀಯ” ಎಂದರೆ ಸುಮ್ಮನೆ ನಗುತ್ತಿದ್ದರು. ಒಂಬತ್ತನೆಯ ದಿನ ಆಟೋ ತಂದು ಪೆಟ್ಟಿಗೆ ಹೇರಿಕೊಂಡು ಹೋದರು. ಅದರ ಮರುದಿನವೇ ಆ ವರ್ಷದ ದೊಡ್ಡ ಮಳೆ. ತಾರಸಿಯ ಮೇಲಿದ್ದ ಸಂಡಿಗೆಯನ್ನೂ ಕವಚಗಳನ್ನೂ ನಾನೂ ಅಜ್ಜಿಯೂ ಎದ್ದು ಬಿದ್ದು ಒಳಗೆ ಸಾಗಿಸಿದೆವು. ನಮ್ಮ ಸುಗ್ಗಿ ಮುಗಿಯಿತು.

ಗೆರೆಗಳಿದ್ದ ಫೋಟೊವನ್ನು ಸಾರ್ ಫೋನಿಗೆ ಕಳಿಸಿದೆ. ನೋಡಿದರು ಎಂದು ಗೊತ್ತಾಯಿತು, ಉತ್ತರ ಬರಲಿಲ್ಲ. ಎರಡು ಸಲ ಅವರ ಬೀದಿಯವರೆಗೆ ಹೋಗಿ ವಾಪಸು ಬಂದೆ. ಆಮೇಲೆ ಅವರ ತಮ್ಮನ ಮಗ ಮಾದನಾಯಕನಹಳ್ಳಿಯಲ್ಲಿ ಮನೆ ಕಟ್ಟಿದ, ಎಲ್ಲರೂ ಅಲ್ಲಿಗೆ ಹೋದರು ಎಂದು ಶಿವಣ್ಣ ಹೇಳಿದರು. ಗಂಗಮ್ಮಜ್ಜಿ ಮರುವರ್ಷದ ಸಂಡಿಗೆ ಇಡುವ ಮೊದಲೇ ಹೋಗಿಬಿಟ್ಟರು. ನಾನೂ ಆ ಕೋಣೆ ಬಿಟ್ಟೆ. ಬಿಳಿ ಮಾಡುವ ಕೆಲಸವನ್ನು ಆ ಬೇಸಿಗೆಯೇ ನಿಲ್ಲಿಸಿದೆ. ಗಿರಾಕಿಗಳು ಕೇಳುತ್ತಾರೆ, ಆಗುವುದಿಲ್ಲ ಎನ್ನುತ್ತೇನೆ. ಅವರಿಗೆ ಕಾರಣ ಹೇಳುವುದಿಲ್ಲ.

ಪಾರ್ಲರಿನಿಂದ ಮನೆಗೆ ಹೋಗಬೇಕಾದವಳು ಒದ್ದೆ ತಲೆಯಲ್ಲೇ ತುಮಕೂರು ರಸ್ತೆಯ ಬಸ್ಸು ಹತ್ತಿದೆ. ಮಾದನಾಯಕನಹಳ್ಳಿಯಲ್ಲಿ ಗೋಡೌನುಗಳ ಸಾಲಿನ ಹಿಂದೆ ಹೊಸ ಬಡಾವಣೆ. ನಾಲ್ಕು ಜನರನ್ನು ಕೇಳಿದ ಮೇಲೆ ಮನೆ ಸಿಕ್ಕಿತು. ಮೂರ್ತಿ ಸಾರ್ ತಮ್ಮನ ಸೊಸೆ ಬಾಗಿಲು ತೆಗೆದಳು. ಒಳಗಿನಿಂದ ದನಿ ಬಂತು.

“ಯಾರದು?”

“ನಾನು ಸಾರ್, ಗೀತಾ. ಪೀಣ್ಯದವಳು.”

ಕುರ್ಚಿ ಸರಿದ ಸದ್ದಾಯಿತು. ಆಮೇಲೆ, “ಬಾಮ್ಮ ಒಳಗೆ” ಎಂದರು.

ತುಂಬ ಇಳಿದುಹೋಗಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ನಾನು ಅದನ್ನೇ ನೋಡುತ್ತಿರುವುದು ಗೊತ್ತಾಗಿ, “ಆ ಡಿಪಾರ್ಟ್‌ಮೆಂಟೂ ಮುಚ್ಚಿಹೋಯ್ತು” ಎಂದರು. ನಗಬೇಕೆಂದುಕೊಂಡೆ, ಅಳು ಬಂತು.

ಬಿಸಿಲು ಬೀಳುವ ಕಿಟಕಿಯ ಪಕ್ಕ ಮೇಜಿನ ಮೇಲೆ ಆ ಪೆಟ್ಟಿಗೆ ಇತ್ತು. ಮತ್ತೆ ಹಳದಿಯಾಗಿತ್ತು, ಅಂಚಿನಿಂದ ಅಂಚಿಗೆ ಒಂದೇ ಸಮನಾದ ಹಳದಿ.

“ಬೇಕು ಅಂತಲೇ ಬಿಸಿಲಿಗೆ ಇಟ್ಟೆ” ಎಂದರು. “ಬಣ್ಣ ವಾಪಸ್ ಬಂದ್ರೆ ಅದರ ಜೊತೆ ಗೆರೆನೂ ಬರಬಹುದೇನೋ ಅಂತ. ಬರಲ್ಲ ಅಂತ ನಿನಗೆ ಹೇಳಿದ್ದು ನಾನೇ. ಗೊತ್ತಿದ್ದೂ ಇಟ್ಟೆ. ದಿನಾ ಬೆಳಿಗ್ಗೆ ಎದ್ದು ನೋಡ್ತಿದ್ದೆ.”

ಅವರು ಸೊಸೆಯನ್ನು ಕರೆದು ದೇವರ ಮನೆಯಿಂದ ವಿಭೂತಿ, ಗಂಧ ತರಲು ಹೇಳಿದರು. ಅವಳು ತಂದ ಬಟ್ಟಲನ್ನು ಹಿಡಿದುಕೊಳ್ಳಲು ಹೋದಾಗ ಅವರ ಕೈ ಗಡಗಡ ನಡುಗಿತು. ಹಸಿರು ಅಕ್ಷರ ಬರಿಸಿದ್ದ ಕೈ ಅದು.

“ಹೋದ ಆಯುಧಪೂಜೆಗೆ ನಾನೇ ಎಳೆಯೋಣ ಅಂತಿದ್ದೆ. ಆಗ್ಲಿಲ್ಲ. ನೀನು ಎಳಿಯಮ್ಮ.”

“ನಾನಾ ಸಾರ್?”

“ಒರೆಸಿದ್ದು ನೀನೇ ತಾನೆ? ಎಳಿ.”

ಕೈ ತೊಳೆದು ಬಂದೆ. ವಿಭೂತಿಯನ್ನು ಗಂಧದಲ್ಲಿ ಗಟ್ಟಿಯಾಗಿ ಕಲಸಿ, ಫೋಟೊದಲ್ಲಿ ನೂರು ಸಲ ನೋಡಿದ್ದ ಜಾಗದಲ್ಲಿ ಮೂರು ಬೆರಳಿಟ್ಟು ಎಳೆದೆ. ಪ್ಲಾಸ್ಟಿಕ್ ಬಿಸಿಲಿಗೆ ಬೆಚ್ಚಗಿತ್ತು.

“ಕೆಳಗಿನದು ಸೊಟ್ಟಗಾಯ್ತು ಸಾರ್. ಅವರ ಹಾಗೆ ಬರ್ಲಿಲ್ಲ” ಎನ್ನುತ್ತ ಸೆರಗಿನ ತುದಿ ಹಿಡಿದು ಬಗ್ಗಿದೆ.

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಎಷ್ಟು ನಡುಗುತ್ತಿದ್ದರೂ ಗಟ್ಟಿಯಾಗಿ ಹಿಡಿದರು.

“ಒರೆಸ್ಬೇಡಮ್ಮ” ಎಂದರು. “ಇರ್ಲಿ ಬಿಡು.”